ಐವತ್ಮೂರು ಬಾವಿ, ಎಂಟು ಡಿಸ್ಕು

ಈ ವರ್ಷ ನಮ್ಮ ಮನೆಯಲ್ಲಿ ಆಯುಧಪೂಜೆ ಇಲ್ಲ. ನನ್ನ ಹೆಂಡತಿ ರತ್ನ ಹೋಗಿ ಇನ್ನೂ ವರ್ಷ ತುಂಬಿಲ್ಲ. ಬೆಳಿಗ್ಗೆ ಎದುರು ಮನೆಯವರು ಆಟೋಗೆ ಪೂಜೆ ಮಾಡಿ ಬೂದುಗುಂಬಳ ಒಡೆದರು. ಕುಂಕುಮದ ನೀರು ನಮ್ಮ ಮೆಟ್ಟಿಲವರೆಗೂ ಹರಿದು ಬಂತು. ತೊಳೆಯೋಣವೆಂದು ಬಕೆಟ್ಟಿಗೆ ನೀರು ತುಂಬಿಕೊಂಡು ಹೋದವನು, ಯಾಕೋ ಅದನ್ನು ಅಲ್ಲೇ ಇಟ್ಟು ಒಳಗೆ ಬಂದೆ. ಸ್ಟೂಲು ಹಾಕಿಕೊಂಡು ಅಟ್ಟದ ಮೇಲಿದ್ದ ದೊಡ್ಡ ಬಿಸ್ಕತ್ತಿನ ಡಬ್ಬ ಇಳಿಸಿದೆ. ಮುಚ್ಚಳ ತೆಗೆದಾಗ ಮೊದಲು ಬಂದದ್ದು ಬೆಸುಗೆ ಹಾಕುವಾಗ ಸುಡುವ ರಾಳದ ವಾಸನೆ. ಇಷ್ಟು ವರ್ಷವಾದರೂ ಅದು ಹೋಗಿಲ್ಲ. ಅದರ ಹಿಂದೆಯೇ ಗಂಧದ ವಾಸನೆ.

ಡಬ್ಬದಲ್ಲಿ ಇರುವುದು ಎರಡೇ ವಸ್ತು. ಒಂದು, ಅಂಗೈ ಅಗಲದ ಹಸಿರು ಬೋರ್ಡು. ಅದರ ಒಂದು ಕಡೆಯಿಂದ ಐವತ್ತು ತಂತಿಯ ಚಪ್ಪಟೆ ಕೇಬಲ್ಲು, ಇನ್ನೊಂದು ಕಡೆಯಿಂದ ಮೂವತ್ತನಾಲ್ಕು ತಂತಿಯದು ಹೊರಟಿದೆ. ಇನ್ನೊಂದು, ಕಾಗದದ ಲಕೋಟೆಯೊಳಗಿರುವ ಫ್ಲಾಪಿ ಡಿಸ್ಕು. ಈಗಿನವರು ಫ್ಲಾಪಿಯನ್ನೇ ನೋಡಿಲ್ಲ. ನೋಡಿದವರಿಗೆ ನೆನಪಿರುವುದು ಅಂಗೈಯಷ್ಟರದು. ಇದು ಹಾಗಲ್ಲ, ಊಟದ ತಟ್ಟೆಯಷ್ಟು ಅಗಲ. ಎರಡೂ ಎಂಬತ್ತೇಳನೆಯ ಇಸವಿಯ ಮಳೆಗಾಲದವು.

ಆಗಲೂ ನಾವು ಯಲಹಂಕದ ಹಳೇ ಊರಿನ ಇದೇ ಮನೆಯಲ್ಲಿದ್ದೆವು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ನನ್ನ ಅಂಗಡಿ. ನಾನು ಐಟಿಐಯಲ್ಲಿ ರೇಡಿಯೋ ಕೆಲಸ ಕಲಿತವನು. ಟಿ.ವಿ., ಟೇಪ್ ರೆಕಾರ್ಡರ್ ರಿಪೇರಿಯಿಂದ ಮನೆ ನಡೆಯುತ್ತಿತ್ತು. ಆ ಹೊತ್ತಿಗೆ ಹೆಬ್ಬಾಳ, ಯಶವಂತಪುರದ ಕಚೇರಿಗಳಿಗೆ ಒಂದೊಂದೇ ಕಂಪ್ಯೂಟರ್ ಬರತೊಡಗಿತ್ತು. ಬಂದಷ್ಟೇ ಬೇಗ ಕೆಡುತ್ತಲೂ ಇತ್ತು. ಕೆಟ್ಟದ್ದನ್ನು ಬಿಚ್ಚಲು ಹೆದರದವರು ಕಮ್ಮಿ. ನಾನು ಬಿಚ್ಚುತ್ತೇನೆ ಎಂದು ನಾಲ್ಕು ಕಡೆ ಮಾತು ಹಬ್ಬಿತ್ತು.

ಮದುವೆಯಾಗಿ ಮೂರು ವರ್ಷವಾಗಿತ್ತು. ರತ್ನ ರಾಜಾನುಕುಂಟೆಯವಳು, ಏಳನೆಯ ತರಗತಿಯವರೆಗೆ ಓದಿದವಳು. ಬೆಳಗಿನ ಅಡುಗೆ ಮುಗಿಸಿ ಬಂದು ನನ್ನ ಮೇಜಿನ ಎದುರು ಕೂತು ತಂತಿಯ ತುದಿಗಳನ್ನು ಹೆರೆದು ಕೊಡುತ್ತಿದ್ದಳು. ಅವಳ ಬೆರಳು ನನ್ನದಕ್ಕಿಂತ ಚುರುಕು. ಅವಳಿಗೆ ಮಾತು ಜಾಸ್ತಿ, ನನಗೆ ಕಮ್ಮಿ. ದಿನವಿಡೀ ಅವಳು ಮಾತಾಡುತ್ತಿದ್ದರೆ ನನಗೆ ರೇಡಿಯೋ ಹಚ್ಚುವ ಅಗತ್ಯವೇ ಇರುತ್ತಿರಲಿಲ್ಲ.

ಹೊಸಮನಿಯವರು ಬಂದದ್ದು ಜುಲೈನ ಒಂದು ತುಂತುರು ಮಳೆಯ ದಿನ. ಐವತ್ತೇಳು ವರ್ಷ ದಾಟಿದ, ತೆಳ್ಳಗಿನ, ಗಾಂಧಿ ಟೋಪಿಯ ಮನುಷ್ಯ. ಸೈಕಲ್ಲಿನ ಹ್ಯಾಂಡಲ್ಲಿಗೆ ಹಗ್ಗದ ಸುರುಳಿ ನೇತುಹಾಕಿದ್ದರು. ಅಡಿಗೊಂದು ಗಂಟು, ತುದಿಯಲ್ಲಿ ಕಬ್ಬಿಣದ ಗುಂಡು. ಒಳಗೆ ಬಂದು ಟೋಪಿ ತೆಗೆದು ಕೊಡವಿದರು.

"ಕೃಷ್ಣಪ್ಪ ಅಂದ್ರ ನೀವಾ? ಪರದೇಶದ ಮಷೀನು ಬಿಚ್ಚತೀರಂತಲ್ಲ."

"ಏನಾಗಿದೆ ಸಾರ್?"

"ಸತ್ತೈತಿ."

ಅವರು ಗದಗದ ಕಡೆಯವರು. ಹೆಬ್ಬಾಳದ ಹತ್ತಿರ ಅಂತರ್ಜಲದ ಒಂದು ಸಣ್ಣ ಕಚೇರಿಯಲ್ಲಿ ಬಾವಿ ಅಳೆಯುವ ಕೆಲಸ. ಹೆಬ್ಬಾಳದಿಂದ ರಾಜಾನುಕುಂಟೆಯವರೆಗೆ ಐವತ್ಮೂರು ಬಾವಿಗಳು. ತಿಂಗಳಿಗೊಮ್ಮೆ ಒಂದೊಂದಕ್ಕೂ ಸೈಕಲ್ಲಿನಲ್ಲಿ ಹೋಗಿ, ಹಗ್ಗ ಇಳಿಬಿಟ್ಟು, ನೀರು ಎಷ್ಟು ಅಡಿ ಕೆಳಗಿದೆ ಎಂದು ಬರೆದುಕೊಳ್ಳಬೇಕು. ಹನ್ನೊಂದು ವರ್ಷ ಇದನ್ನೇ ಮಾಡಿದ್ದರು. ಯೋಜನೆಗೆ ನೆರವು ಕೊಟ್ಟ ಪರದೇಶದವರು ತಮ್ಮ ದೇಶದ ಒಂದು ಕಂಪ್ಯೂಟರ್ ತಂದಿಟ್ಟರು. ಟೈಪಿಸ್ಟ್ ಒಬ್ಬಳು ಎರಡು ವರ್ಷ ಕೂತು ಎಲ್ಲವನ್ನೂ ಅದಕ್ಕೆ ಹೊಡೆದಳು. ಆಮೇಲೆ ಕಚೇರಿ ಬದಲಾಯಿತು. ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕಿದರು.

"ಮಷೀನಿನ್ಯಾಗ ಐತಲ್ಲ, ಕಾಗದ ಯಾಕ ಅಂದ್ರು. ನಾನೂ ಹೌದಲ್ಲ ಅಂದೆ. ಗಾಡಿಗೆ ನಾನ ಏರಿಸಿದೆ ನೋಡ್ರಿ, ನನ್ನ ಕೈಯಾರ."

ಪರದೇಶದವರು ಹೊರಟುಹೋದರು. ಆ ಬೇಸಗೆಯಲ್ಲಿ ಕರೆಂಟು ಏರಿಳಿದು ಮಷೀನು ಸುಟ್ಟಿತು. ಉಳಿದದ್ದು ಎಂಟು ಡಿಸ್ಕು. ಕಚೇರಿಗೆ ಬಂದ ಹೊಸ ಕಂಪ್ಯೂಟರಿನಲ್ಲಿ ಡಿಸ್ಕು ತೂರಿಸುವ ಬಾಯಿ ಚಿಕ್ಕದು. ಬಾಯಿ ದೊಡ್ಡದಿದ್ದರೂ ಆ ಮಷೀನು ಬರೆದದ್ದನ್ನು ಅದು ಓದಲಾರದು.

"ಡಿಸೆಂಬರಿಗೆ ನಾ ರಿಟೈರು, ಆಫೀಸೂ ಬಂದ್. ನೀರು ವರ್ಷಾ ವರ್ಷಾ ಇಳಿಯಾಕ ಹತ್ತೈತಿ ಅಂದ್ರ ನಮ್ಮ ಸಾಹೇಬ್ರು ನಗತಾರ. ನಿನ್ನ ಹಗ್ಗ ಒಗದು ಒಗದು ಕುಗ್ಗೇತೋ ಹೊಸಮನಿ ಅಂತಾರ. ಹೋಗೂದ್ರೊಳಗ ಬರದದ್ದು ಒಮ್ಮೆ ಅವರ ಮುಂದ ಇಡಬೇಕ್ರಿ. ಮತ್ತೇನೂ ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ರತ್ನ ಕೇಳಿದಳು. "ರಾಜಾನುಕುಂಟೆ ಅಂದ್ರಲ್ಲ, ಅಲ್ಲಿ ಯಾವ ಬಾವಿ ಸಾರ್?"

"ದೊಡ್ಡಬಳ್ಳಾಪುರ ರೋಡಿಂದ ಒಳಗ, ಹುಣಸೀಗಿಡದ ಬಾವಿ. ನಲವತ್ತೊಂದನೇ ನಂಬರು. ಅಲ್ಲೊಬ್ರು ಹಿರ್ಯಾರಿದ್ರು. ಹೋದಾಗೆಲ್ಲ ಮಜ್ಜಿಗಿ ಕೊಡೋರು. ಆದ್ರ ಕಾಲಾಗ ಚಪ್ಪಲಿ ಇದ್ರ ಹಗ್ಗ ಬಿಡಾಕ ಬಿಡತಿರಲಿಲ್ಲ."

"ಅದು ನಮ್ಮಪ್ಪ," ಎಂದಳು ರತ್ನ.

ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಹೊಸಮನಿಯವರು ಅವಳನ್ನು ಸ್ವಲ್ಪ ಹೊತ್ತು ನೋಡಿ, "ಹಂಗಾದ್ರ ನೀ ನಮಗ ತಂಗಿ ಆದಿ," ಎಂದರು. ಅವರು ತಂದು ಮೇಜಿನ ಮೇಲಿಟ್ಟಿದ್ದ ಡಿಸ್ಕುಗಳಲ್ಲಿ ಒಂದನ್ನು ರತ್ನ ಲಕೋಟೆಯ ಸಮೇತ ಎತ್ತಿ ತೂಗಿ ನೋಡಿದಳು.

"ಇಷ್ಟರಾಗೆ ಅಷ್ಟೂ ಬಾವಿ ಐತಾ? ತೂಕಾನೇ ಇಲ್ಲ." ಮತ್ತೆ ನನ್ನ ಕಡೆ ತಿರುಗಿ, "ಮಾಡ್ಕೊಡ್ರಿ ಇವ್ರಿಗೆ," ಎಂದಳು.

ಸತ್ತ ಮಷೀನಿನೊಳಗೆ ಡಿಸ್ಕು ತಿರುಗಿಸಿ ಓದುವ ಡ್ರೈವ್ ಮಾತ್ರ ಗಟ್ಟಿಯಾಗಿತ್ತು. ರುಬ್ಬುವ ಕಲ್ಲಿನಷ್ಟು ಭಾರ. ಅದನ್ನು ಬಿಚ್ಚಿ ತಂದೆ. ಈ ಡ್ರೈವಿಗೂ ಹೊಸ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ಒಂದು ಅಡಾಪ್ಟರ್ ಮಾಡಬೇಕಾಗಿತ್ತು. ಡ್ರೈವಿನ ಬೆನ್ನಿನಲ್ಲಿ ತಂತಿ ಸೇರಿಸುವ ಐವತ್ತು ಕಾಲು, ಕಂಪ್ಯೂಟರಿನ ಕಡೆ ಮೂವತ್ತನಾಲ್ಕು. ಯಾವುದು ಯಾವುದಕ್ಕೆ ಸೇರಬೇಕು ಎಂಬುದು ಮಷೀನಿನ ಜೊತೆ ಬಂದ ಪುಸ್ತಕದಲ್ಲಿತ್ತು. ಆದರೆ ಅದು ನಮ್ಮ ಸುತ್ತಮುತ್ತ ಯಾರಿಗೂ ಬಾರದ ಭಾಷೆ. ಚಿತ್ರಗಳನ್ನು ನೋಡಿಕೊಂಡೇ ಆಗಸ್ಟ್ ಪೂರ್ತಿ ಕಳೆಯಿತು. ಎಸ್.ಪಿ. ರಸ್ತೆಯಲ್ಲಿ ಹಳೆಯ ಬೋರ್ಡುಗಳ ರಾಶಿ ಕೆದಕಿ ಕನೆಕ್ಟರ್ ತಂದೆ. ಮಳೆ ಬಂದರೆ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಕೂರುತ್ತಿದ್ದೆವು. ನಾನು ಬೆಸುಗೆ ಹಾಕುವುದು, ಅವಳು ಕಾಲು ಎಣಿಸುವುದು.

"ಒಂದು ಭೂಮಿಗೆ. ಎರಡು ಎಲ್ಲಿಗೆ ಏಳಿ. ಮೂರು ಭೂಮಿಗೆ. ಅಲ್ಲಾ, ಬೆಸ ಸಂಖ್ಯೆ ಎಲ್ಲಾ ಬರೀ ಭೂಮಿಗೇನಾ?"

"ಹೂಂ, ಅರ್ಥಿಂಗ್. ಪಕ್ಕದ ತಂತಿಯ ಗಲಾಟೆ ಇದಕ್ಕೆ ತಾಗದೇ ಇರ್ಲಿ ಅಂತ ಮಧ್ಯ ಮಧ್ಯ ಅವು."

"ಅಂಗಾದ್ರೆ ಮಾತಾಡೋವು ಇಪ್ಪತ್ತೈದು, ಸುಮ್ಕೆ ಕುಂತಿರೋವು ಇಪ್ಪತ್ತೈದು. ನಮ್ಮನೆ ಲೆಕ್ಕಾನೇ ಬುಡಿ."

ನನಗೆ ನಗು ಬಂದು ಕೈ ಅಲುಗಿತು. ಬೆಸುಗೆಯ ಹನಿ ಪಕ್ಕದ ಕಾಲಿಗೆ ಅಂಟಿತು. ಅದನ್ನು ತೆಗೆದು ಮತ್ತೆ ಹಾಕಬೇಕಾಯಿತು. ಅವಳು ಅದಕ್ಕೂ ನಕ್ಕಳು. ಆ ಎರಡು ತಿಂಗಳು ನಮ್ಮ ಬದುಕಿನ ಒಳ್ಳೆಯ ಕಾಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಮುಂದೆ ಇನ್ನೂ ಇಂಥವು ಬರುತ್ತವೆ ಅಂದುಕೊಂಡಿದ್ದೆ.

ಕಾಲು ಸೇರಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಆ ಮಷೀನು ಬರೆದ ಕ್ರಮವೇ ಬೇರೆ. ಪುಸ್ತಕದ ಹಾಳೆಗಳನ್ನು ಹಿಂದುಮುಂದಾಗಿ ಹೊಲಿದಿಟ್ಟ ಹಾಗೆ. ಅದನ್ನು ಬಿಡಿಸಿ ಓದುವ ಸಣ್ಣ ಪ್ರೋಗ್ರಾಮನ್ನು ಬರೆದುಕೊಟ್ಟವನು ಮೂರ್ತಿ. ಆರ್.ಟಿ. ನಗರದಲ್ಲಿ ಮೊದಲ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ನಾನು ಅವನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಕ್ಲಾಸಿಲ್ಲದ ಭಾನುವಾರ ಅವನ ಹೊಸ ಕಂಪ್ಯೂಟರ್ ನಮಗೆ ಸಿಗುತ್ತಿತ್ತು. ಮೊದಲ ಸಲ ಡಿಸ್ಕು ನೋಡಿದಾಗ ಅವನು, "ಇದೇನ್ ಗುರು, ಫ್ಲಾಪಿನಾ ರೊಟ್ಟಿ ಹೆಂಚಾ?" ಎಂದಿದ್ದ. ಆದರೂ ಮೂರು ಭಾನುವಾರ ನನ್ನ ಜೊತೆ ಕೂತ.

ಸೆಪ್ಟೆಂಬರಿನ ಕೊನೆಯ ಭಾನುವಾರ ಅದು ಓದಿತು. ಡ್ರೈವಿನ ಮೋಟಾರು ಗುಂಯ್ ಎಂದಿತು, ಓದುವ ಹೆಡ್ಡು ಟಕ್ಕೆಂದು ಡಿಸ್ಕಿನ ಮೇಲೆ ಕೂತಿತು, ಪರದೆಯ ಮೇಲೆ ಹಸಿರು ಅಂಕಿಗಳು ಸಾಲಾಗಿ ಇಳಿದವು. ಬಾವಿಯ ನಂಬರು, ತಿಂಗಳು, ಅಡಿ. ಹೊಸಮನಿಯವರು ಕುರ್ಚಿಯ ಹಿಂದೆ ನಿಂತಿದ್ದರು. ಟೋಪಿ ಕೈಯಲ್ಲಿತ್ತು.

"ಏಳನೇ ನಂಬರು, ಮಾರ್ಚ್," ಎಂದು ಓದಿದರು. "ಇದು ಪುಟ್ಟೇನಹಳ್ಳಿ ಕೆರಿ ಹಿಂದಿನ ಬಾವಿ. ಆ ದಿನ ಒಳಗ ಹಾವು ಈಜತಿತ್ತು ನೋಡ್ರಿ. ಹಗ್ಗಕ್ಕ ಸುತ್ತಿಗೊಂಡು ಮ್ಯಾಲೆ ಬಂದೀತಂತ ನಾ ಎಷ್ಟೊತ್ತು ನಿಂತಿದ್ದೆ."

ಇನ್ನು ನಾಲ್ಕೈದು ಸಾಲು ಇಳಿಯುವಷ್ಟರಲ್ಲಿ ಕರೆಂಟು ಹೋಯಿತು. ಮೂರು ಗಂಟೆ ಕಾದೆವು. ಬರಲಿಲ್ಲ. ಮೂರ್ತಿ ಕೆಳಗಿನಿಂದ ಕಾಫಿ ತರಿಸಿದ. "ಹನ್ನೊಂದು ವರ್ಷದ್ದು, ಇನ್ನೊಂದು ವಾರ ಏನ್ ಮಹಾ?" ಎಂದು ಹೊಸಮನಿಯವರು ನಕ್ಕರು. ಅವರು ಹಾಗೆ ಬಾಯಿ ತುಂಬಾ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಡ್ರೈವನ್ನು ಅಲ್ಲೇ ಬಿಟ್ಟೆ. ಡಿಸ್ಕುಗಳನ್ನೂ ಅಡಾಪ್ಟರನ್ನೂ ಮನೆಗೆ ತಂದೆ. ಎರಡು ಬೆಸುಗೆ ಸಡಿಲ ಕಂಡಿದ್ದವು, ಗಟ್ಟಿ ಮಾಡಬೇಕಿತ್ತು. ಡಿಸ್ಕು ತಂದದ್ದಕ್ಕೆ ಕಾರಣ, ಮೂರ್ತಿಯ ಕೋಣೆಯಲ್ಲಿ ವಾರವಿಡೀ ಬೋರ್ಡಿನ ಮೇಲೆ ಬರೆದು ಅಳಿಸಿ ಸೀಮೆಸುಣ್ಣದ ಧೂಳು ಏಳುತ್ತಿತ್ತು. ಧೂಳು ಬಿದ್ದರೆ ಡಿಸ್ಕು ಕೆಡುತ್ತದೆ, ನಮ್ಮ ಮನೆಯಲ್ಲೇ ಇರಲಿ ಎಂದು ನಾನೇ ಹೇಳಿ, ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಆ ವಾರದ ನಡುವೆಯೇ ಆಯುಧಪೂಜೆ. ರತ್ನ ಹಿಂದಿನ ದಿನವೇ ಮೇಜು ಒರೆಸಿ, ಇಕ್ಕಳ, ಸ್ಕ್ರೂಡ್ರೈವರ್, ಮೀಟರು, ಬೆಸುಗೆಯ ಕಡ್ಡಿ ಎಲ್ಲವನ್ನೂ ಸಾಲಾಗಿ ಜೋಡಿಸಿದಳು. ಪಕ್ಕದಲ್ಲಿ ಅಡಾಪ್ಟರು, ಎಂಟು ಡಿಸ್ಕು. ಹಬ್ಬದ ಬೆಳಿಗ್ಗೆ ಅವಳು ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಿದ್ದಾಗ ನಾನು ಹೊರಗೆ ನಲ್ಲಿಯ ಹತ್ತಿರ ಸೈಕಲ್ ತೊಳೆಯುತ್ತಿದ್ದೆ. ಅಲ್ಲಿಂದಲೇ ಕೂಗಿ ಹೇಳಿದೆ.

"ಆ ಕಂಪ್ಯೂಟರ್ ಸಾಮಾನಿಗೆ ಜಾಸ್ತಿ ಹಚ್ಬೇಡ ಕಣೆ. ಮೇಲೆ ಕವರಿಗೆ ಒಂದು ಚೂರು ಇಟ್ರೆ ಸಾಕು."

"ಅಂಗಿಗೆ ಯಾರಾನ ಕುಂಕುಮ ಇಕ್ತಾರಾ? ಅಣೆಗೆ ತಾನೆ ಇಕ್ಕೋದು," ಎಂದಳು ಒಳಗಿನಿಂದ.

ನಾನು ನಕ್ಕೆ. ಸೈಕಲ್ಲಿನ ಚಕ್ರ ತಿರುಗಿಸಿ ನೀರು ಹೊಯ್ದೆ. ಅವಳು ಏನೋ ಹೇಳಿಕೊಳ್ಳುವುದು ಕೇಳಿಸುತ್ತಿತ್ತು. "ತಾಯಿ ಗಂಗಮ್ಮ, ನಮ್ಮಪ್ಪನ ಬಾವಿ ಐತೆ ಇದ್ರಾಗೆ. ಸಾಹೇಬ್ರಿಗೆ ಎಲ್ಲಾ ಕಾಣಂಗೆ ಮಾಡು." ನಾನು ಒಳಗೆ ಬಂದಾಗ ಡಿಸ್ಕುಗಳು ಮೊದಲಿನ ಹಾಗೇ ಲಕೋಟೆಯೊಳಗಿದ್ದವು. ಒಂದೊಂದರ ಮೇಲೂ ಒಂದು ಸೇವಂತಿಗೆ. ಮಂಗಳಾರತಿ ತೆಗೆದುಕೊಂಡೆ.

ಇಲ್ಲೊಂದು ವಿಷಯ ಹೇಳಬೇಕು. ಈ ದೊಡ್ಡ ಡಿಸ್ಕು ನಿಜವಾಗಿ ಒಂದು ತೆಳ್ಳನೆಯ ಕಂದು ತಟ್ಟೆ. ಅದರ ಮೇಲೆ ಕಪ್ಪು ಹೊದಿಕೆ. ಹೊದಿಕೆಯ ಒಂದು ತುದಿಯಲ್ಲಿ ಮಾತ್ರ ಉದ್ದನೆಯ ಸೀಳು, ಅಲ್ಲಿ ಒಳಗಿನ ಕಂದು ಮೈ ಕಾಣುತ್ತದೆ. ಓದುವ ಹೆಡ್ಡು ಆ ಸೀಳಿನಲ್ಲೇ ಅದನ್ನು ಮುಟ್ಟುವುದು. ಅಲ್ಲಿಗೆ ಬೆರಳು ಕೂಡ ಸೋಕಬಾರದು. ರತ್ನಳಿಗೆ ಕಾಗದದ ಲಕೋಟೆ ಮೇಲಂಗಿ, ಕಪ್ಪು ಹೊದಿಕೆ ಒಳಂಗಿ. ಎರಡೂ ದಾಟಿ ಅದರ ಸ್ವಂತ ಮೈ ಕಾಣುವ ಜಾಗ ಒಂದೇ ಒಂದು. ಅದೇ ಹಣೆ. ಚೀಟಿ ಅಂಟಿಸಿದ ಬದಿ ಬೆನ್ನು, ಆಚೆ ಬದಿ ಮುಖ. ಅವಳು ಎಂಟನ್ನೂ ಲಕೋಟೆಯಿಂದ ಎಳೆದು, ಮುಖ ಮೇಲೆ ಮಾಡಿ, ಹಣೆಗೆ ಗಂಧ ಹಚ್ಚಿ, ಗಂಧದ ಮೇಲೆ ಕುಂಕುಮ ಇಟ್ಟು, ಒಣಗಿದ ಮೇಲೆ ಹುಷಾರಾಗಿ ಒಳಗೆ ಸೇರಿಸಿದ್ದಳು. ಓದುವ ಹೆಡ್ಡು ಇರುವುದೂ ಅದೇ ಬದಿಗೆ. ನಾನೋ ಯಾವಾಗಲೂ ಚೀಟಿಯ ತುದಿ ಹಿಡಿದು, ಚೀಟಿ ಮೇಲೆ ಬರುವ ಹಾಗೆ ಎಳೆದು ನೇರ ಡ್ರೈವಿಗೆ ತುರುಕುವವನು. ಕೆಳಗಿನ ಬದಿ ನನ್ನ ಕಣ್ಣಿಗೆ ಬೀಳುವುದೇ ಇಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಆರ್.ಟಿ. ನಗರಕ್ಕೆ ಹೋದೆ. ಮೂರ್ತಿ ಬೀಗದ ಕೈ ಕೊಟ್ಟು, "ನಾನು ಮಧ್ಯಾಹ್ನ ಬರ್ತೀನಿ, ನೀನು ಶುರು ಮಾಡ್ಕೊ ಗುರು," ಎಂದು ಹೊರಟ. ತಿಂಗಳ ಮೊದಲ ವಾರವಾದ್ದರಿಂದ ಹೊಸಮನಿಯವರಿಗೆ ತಣಿಸಂದ್ರದ ಕಡೆ ಬಾವಿ ಅಳೆಯುವುದಿತ್ತು. ಮುಗಿಸಿ ಬರುತ್ತೇನೆ ಎಂದಿದ್ದರು.

ಮೊದಲನೆಯ ಡಿಸ್ಕು ಹಾಕಿದೆ. ಓದಲಿಲ್ಲ. ಹೆಡ್ಡು ಹಿಂದೆ ಹೋಗಿ ಮತ್ತೆ ಮುಂದೆ ಬಂದು ಟಕ್ ಟಕ್ ಎಂದು ಹುಡುಕಿತು. ಹಿಂದಿನ ವಾರ ಇದೇ ಡಿಸ್ಕು ಓದಿತ್ತು. ಈ ನಡುವೆ ಬದಲಾದದ್ದು ನಾನು ಮತ್ತೆ ಹಾಕಿದ ಎರಡು ಬೆಸುಗೆ ಮಾತ್ರ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೇರೆ ಯೋಚನೆ ಬರಲೇ ಇಲ್ಲ. ಕಡ್ಡಿ ಕಾಯಿಸಿ ಆ ಎರಡನ್ನೂ ಬಿಚ್ಚಿ ಮತ್ತೆ ಹಾಕಿದೆ. ಎರಡನೆಯ ಡಿಸ್ಕು ಹಾಕಿದೆ. ಓದಲಿಲ್ಲ. ಇನ್ನೊಂದು ಕಾಲಿನ ಮೇಲೆ ಸಂಶಯ ಬಂತು, ಅದನ್ನೂ ಬಿಚ್ಚಿದೆ. ಮೂರನೆಯದು. ನಾಲ್ಕನೆಯದು. ಒಳಗಿನಿಂದ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಸಣ್ಣ ಸದ್ದು ಬರುತ್ತಿತ್ತು. ಹಳೆಯ ಮೋಟಾರು ಅಂದುಕೊಂಡೆ. ಎಂಟೂ ಆಯಿತು.

ಕೊನೆಗೆ ಡ್ರೈವಿನ ಮೇಲಿನ ತಗಡು ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಾಕಿ ಹೆಡ್ಡು ಒರೆಸಿದೆ. ಹತ್ತಿ ಕೆಂಪಾಯಿತು. ರಕ್ತವೇನೋ, ಬೆರಳು ಕುಯ್ದುಕೊಂಡೆನೇನೋ ಎಂದು ಕೈ ನೋಡಿಕೊಂಡೆ. ಆಮೇಲೆ ಗಂಧದ ವಾಸನೆ ಬಂತು. ಡಿಸ್ಕು ತಿರುಗಿಸಿ ನೋಡಿದೆ. ಕಂದು ಮೈಮೇಲೆ ಕೆಂಪು ಉಂಗುರಗಳು, ಒಂದರೊಳಗೊಂದು, ಉಗುರಿನಿಂದ ಗೀರಿದ ಹಾಗೆ.

ಅವಳು ಇಟ್ಟದ್ದು ಒಂದೊಂದಕ್ಕೆ ಒಂದೊಂದು ಬೊಟ್ಟು. ಮೊದಲನೆಯದು ಓದದೆ ನಿಂತಾಗಲೇ ಮಗುಚಿ ನೋಡಿದ್ದರೆ ಉಳಿದ ಏಳನ್ನು ಮೆತ್ತಗೆ ಒರೆಸಿ ಉಳಿಸಬಹುದಾಗಿತ್ತು. ಬೊಟ್ಟಿನಷ್ಟು ಜಾಗ ಹೋಗುತ್ತಿತ್ತು, ಹೆಚ್ಚೆಂದರೆ ಒಂದೆರಡು ಬಾವಿ. ತಿರುಗಿಸಿ ತಿರುಗಿಸಿ ಆ ಒಣ ಗಂಧವನ್ನು ಇಡೀ ತಟ್ಟೆಗೆ ಉಜ್ಜಿದ್ದು ನಾನು. ಕೊಳೆಯಾದ ಹೆಡ್ಡಿನಲ್ಲೇ ಒಂದಾದ ಮೇಲೊಂದು ಎಂಟನ್ನೂ ಗೀರಿದ್ದು ನಾನು. ಈ ಮಾತನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕೈಯಲ್ಲಿದ್ದ ಹತ್ತಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಹೊಸಮನಿಯವರು ಒಳಗೆ ಬಂದರು. ಪ್ರಿಂಟ್ ತೆಗೆಯಲು ಉದ್ದನೆಯ ಮಡಿಕೆ ಕಾಗದದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದರು. ಹೊರಗೆ ಹನಿ ಬೀಳುತ್ತಿತ್ತು.

"ಬಂತೇನ್ರಿ?"

"ಇಲ್ಲ ಸಾರ್. ನನ್ನ ಅಡಾಪ್ಟರ್ ಸರಿ ಇರ್ಲಿಲ್ಲ. ಬೆಸುಗೆ ತಪ್ಪಾಗಿ ಡಿಸ್ಕು ಹಾಳಾಯ್ತು."

"ಎಷ್ಟು?"

"ಎಲ್ಲಾ."

"ಎಂಟೂ?"

"ಎಂಟೂ ಸಾರ್."

ಅವರು ಕಾಗದದ ಕಟ್ಟನ್ನು ಎಲ್ಲಿಡುವುದೆಂದು ತಿಳಿಯದವರಂತೆ ಸುತ್ತ ನೋಡಿ, ಕೊನೆಗೆ ಬೆಂಚಿನ ಮೇಲಿಟ್ಟರು. ಕುಡಿಯಲು ನೀರು ಕೇಳಿದರು. ಕುಡಿದರು. ಲೋಟ ಕೆಳಗಿಟ್ಟು, "ಬಾವಿ ಇನ್ನೂ ಅದಾವಲ್ರಿ. ಮತ್ತ ಅಳದ್ರಾತು," ಎಂದರು. ನನ್ನ ಸಮಾಧಾನಕ್ಕೆ ಹೇಳಿದ ಮಾತದು. ಇವತ್ತಿನ ನೀರನ್ನು ಇವತ್ತು ಅಳೆಯಬಹುದು, ಹನ್ನೊಂದು ವರ್ಷದ ಹಿಂದಿನ ನೀರಿಗೆ ಹಗ್ಗ ಬಿಡಲು ಆಗುವುದಿಲ್ಲ ಎಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೋಗುವಾಗ ಕಾಗದದ ಕಟ್ಟನ್ನು ಮರೆತರು. ನಾನೂ ಕರೆದು ಕೊಡಲಿಲ್ಲ.

ಮೂರ್ತಿಗೂ ಅದನ್ನೇ ಹೇಳಿದೆ. ಮನೆಗೆ ಬಂದು ರತ್ನಳಿಗೂ ಅದನ್ನೇ ಹೇಳಿದೆ. ಅವಳು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನಮ್ಮಪ್ಪನ ಬಾವೀನೂ ಓಯ್ತಾ?"

"ಹೋಯ್ತು."

ಜರಡಿಯನ್ನು ಮತ್ತೆ ಎತ್ತಿಕೊಂಡು, "ಓಗ್ಲಿ ಬುಡಿ. ಕೈ ತಪ್ಪೋದು ಯಾರಿಗಾಗಾಕಿಲ್ಲ," ಎಂದಳು. ಅವಳಿಗೆ ಹೇಳಬಾರದು ಎಂದು ದಾರಿಯಲ್ಲಿ ಬಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಅಪ್ಪನ ಬಾವಿ ಎಂದು ಅಷ್ಟು ಭಕ್ತಿಯಿಂದ ಇಟ್ಟ ಕುಂಕುಮ. ನಿನ್ನ ಕೈಯಿಂದಲೇ ಆಯಿತು ಎಂದು ಹೇಗೆ ಹೇಳುವುದು? ಅದರ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಅವಳದ್ದನ್ನು ಹೇಳಿದರೆ ನನ್ನದನ್ನೂ ಹೇಳಬೇಕಾಗುತ್ತಿತ್ತು.

ಸೋಮವಾರ ಅವಳು ಬಟ್ಟೆ ಒಗೆದಳು. ಸಂಜೆ ಹಿತ್ತಲಿಗೆ ಹೋದಾಗ ನನ್ನ ಬಿಳಿ ಅಂಗಿ ತಂತಿಯ ಮೇಲಿತ್ತು. ಜೇಬಿನ ಜಾಗದಲ್ಲಿ ನಸುಗೆಂಪು ಕಲೆ. ಹತ್ತಿಯ ವಿಷಯ ನನಗೆ ಪೂರಾ ಮರೆತುಹೋಗಿತ್ತು. ಊಟಕ್ಕೆ ಕೂತಾಗ ಅವಳು ಕೇಳಬಹುದೆಂದು ಕಾದೆ. ಸಾರು ಬಡಿಸಿದಳು, ಇನ್ನೊಂದು ಮುದ್ದೆ ಹಾಕಲೇ ಎಂದಳು, ಅಷ್ಟೆ. ಹಬ್ಬದ ಕುಂಕುಮ ತಾಗಿದೆ ಅಂದುಕೊಂಡಿರಬೇಕು, ಅವಳಿಗೆ ಏನೂ ತಿಳಿದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಅಂಗಿಯನ್ನು ಮತ್ತೆ ನೋಡಿದ ನೆನಪಿಲ್ಲ.

ಹೆಬ್ಬಾಳದ ಇನ್ನೊಂದು ಕಚೇರಿಯಲ್ಲಿ ಅಂಥದ್ದೇ ಸತ್ತ ಮಷೀನಿತ್ತು. ಅವರೂ ನನಗೆ ಡಿಸ್ಕು ಕೊಟ್ಟಿದ್ದರು. ವಾರದೊಳಗೆ ಬಂದು ವಾಪಸ್ ತೆಗೆದುಕೊಂಡು ಹೋದರು. ಮೂರ್ತಿ, "ಬಿಡು ಗುರು, ಟಿ.ವಿ. ನೋಡ್ಕೊ, ಸುಮ್ನೆ ಯಾಕೆ," ಎಂದ. ಅವನೂ ತನ್ನ ಯಂತ್ರಗಳಿಗೆ ಬೇರೆಯವರನ್ನು ಕರೆಯತೊಡಗಿದ. ನಾನು ಯಾರ ಹತ್ತಿರವೂ ವಾದಿಸಲಿಲ್ಲ. ರತ್ನ ನನ್ನ ಮೇಜಿನ ಎದುರು ಬಂದು ಕೂರುವುದು ನಿಂತಿತು. ಕರೆದರೆ ಬರುತ್ತಿದ್ದಳು, ಬಾಗಿಲ ಹತ್ತಿರ ನಿಂತು, "ಏನ್ ಬೇಕಿತ್ತು?" ಎನ್ನುತ್ತಿದ್ದಳು. ತಂತಿ ಹೆರೆದು ಕೊಡು ಎಂದರೆ, "ನಂಗೆ ಅವೆಲ್ಲ ಗೊತ್ತಾಗಾಕಿಲ್ಲ, ನೀವೇ ಮಾಡ್ಕೊಳಿ," ಎಂದಳು ಒಂದು ದಿನ. ಮನೆಗೆಲಸ ಜಾಸ್ತಿಯಾಗಿದೆ ಅಂದುಕೊಂಡೆ. ಅಂಗಡಿಯಲ್ಲಿ ಮತ್ತೆ ರೇಡಿಯೋ ಹಚ್ಚತೊಡಗಿದೆ.

ಡಿಸೆಂಬರಿನಲ್ಲಿ ಹೊಸಮನಿಯವರು ಹೇಳಿ ಹೋಗಲು ಬಂದರು. ಹ್ಯಾಂಡಲ್ಲಿನಲ್ಲಿ ಹಗ್ಗ ಇರಲಿಲ್ಲ, ಕಚೇರಿಗೆ ಒಪ್ಪಿಸಿದ್ದರಂತೆ. ಡಿಸ್ಕುಗಳನ್ನೂ ಒಪ್ಪಿಸಬೇಕಿತ್ತು. ನಾನು ಒಂದೊಂದನ್ನೂ ಒರೆಸಿ ಇಟ್ಟಿದ್ದೆ, ಆದರೂ ಕೆಂಪು ಪೂರಾ ಹೋಗಿರಲಿಲ್ಲ. ಅವರು ಲಕೋಟೆಯಿಂದ ತೆಗೆದು ನೋಡಲಿಲ್ಲ. ಏಳನ್ನು ಚೀಲಕ್ಕೆ ಹಾಕಿಕೊಂಡು ಒಂದನ್ನು ರತ್ನಳ ಕಡೆ ಚಾಚಿದರು.

"ತಂಗೀ, ಇದರಾಗ ನಿಮ್ಮಪ್ಪಾರ ಬಾವಿ ಐತಿ. ನೀ ಇಟ್ಕೋ. ಒಂದು ಕಡಿಮಿ ಆದ್ರ ಯಾರೂ ಕೇಳಂಗಿಲ್ಲ."

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಅವರು ಅದನ್ನು ಕುಡಿಯುವ ಮುಂಚೆ ಬಾಗಿಲ ಹತ್ತಿರ ಹೋಗಿ ಚಪ್ಪಲಿ ಬಿಟ್ಟು ಬಂದರು.

ಮುಂದಿನ ಬೇಸಗೆಯಲ್ಲಿ ಗದಗದಿಂದ ಒಂದು ಕಾರ್ಡು ಬಂತು. ನಲವತ್ತೊಂದನೇ ನಂಬರಿನಲ್ಲಿ ನೀರು ಎಷ್ಟಿದೆ ಎಂದು ಕೇಳಿದ್ದರು. ಆ ಮೇ ತಿಂಗಳಲ್ಲಿ ಬಾವಿಯ ತಳದ ಕಲ್ಲು ಕಾಣುತ್ತಿತ್ತು. ರತ್ನಳೇ ಹೋಗಿ ನೋಡಿ ಬಂದಿದ್ದಳು. ಏನು ಬರೆಯಲಿ ಎಂದು ಕೇಳಿದೆ. "ಐತೆ ಅಂತ ಬರೀರಿ," ಎಂದಳು. ಬರೆದೆ. ಮತ್ತೆ ಕಾರ್ಡು ಬರಲಿಲ್ಲ. ಆಮೇಲೆ ಆ ಬಾವಿ ಮುಚ್ಚಿದರು, ಲೇಔಟು ಮಾಡಿದರು. ಹುಣಸೆಮರವೂ ಇಲ್ಲ. ಯಾವ ಮನೆಯ ಕೆಳಗಿದೆ ಎಂದು ತೋರಿಸಲು ಈಗ ನನಗೆ ಬಾರದು. ಅವಳಿಗೆ ಬರುತ್ತಿತ್ತು. ಕಾರ್ಡು ಬಂದ ವರ್ಷವೇ ನಾನು ಅಂಗಡಿ ಮುಚ್ಚಿ ಯಶವಂತಪುರದ ಒಂದು ಕಾರ್ಖಾನೆಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದೆ. ರಿಟೈರ್ ಆಗುವವರೆಗೂ ಅಲ್ಲೇ ಇದ್ದೆ.

ಅಂಗಡಿ ಮುಚ್ಚುವ ಮೊದಲು ಇನ್ನೊಂದು ಆಯುಧಪೂಜೆ ಬಂದಿತ್ತು. ಎಂಬತ್ತೆಂಟರದು. ರತ್ನ ಎಂದಿನಂತೆ ಸಾಮಾನು ಜೋಡಿಸಿದಳು. ಅಡಾಪ್ಟರನ್ನೂ ಆ ಡಿಸ್ಕನ್ನೂ ತಂದಿಟ್ಟಳು. ಆ ಸಲ ನಾನು ನಲ್ಲಿಯ ಹತ್ತಿರ ಹೋಗಲಿಲ್ಲ, ಬಾಗಿಲಲ್ಲೇ ನಿಂತೆ. ಇಕ್ಕಳಕ್ಕೆ ಇಟ್ಟಳು, ಮೀಟರಿಗೆ ಇಟ್ಟಳು, ಅಡಾಪ್ಟರಿನ ಬೋರ್ಡಿನ ಅಂಚಿಗೆ ಇಟ್ಟಳು. ಡಿಸ್ಕನ್ನು ಕೈಗೆತ್ತಿಕೊಂಡಳು. ಲಕೋಟೆಯಿಂದ ಹೊರಗೆ ತೆಗೆಯಲಿಲ್ಲ. ಲಕೋಟೆಯ ಮೇಲೆ, ಬಲಗಡೆಯ ಮೂಲೆಯಲ್ಲಿ, ಉಂಗುರ ಬೆರಳಿನಿಂದ ಒಂದು ಚೂರು ಗಂಧ, ಅದರ ಮೇಲೆ ಸಾಸಿವೆಯಷ್ಟು ಕುಂಕುಮ. ಕಾಗದದ ಅಂಗಿಗೆ. ನಾನು ನಿಂತಿರುವುದು ಅವಳಿಗೆ ಗೊತ್ತಿತ್ತು. ತಲೆ ಎತ್ತಲಿಲ್ಲ. ನಾನು ಹೊರಗೆ ಹೋಗಿ ತೊಳೆದಿದ್ದ ಸೈಕಲ್ಲನ್ನೇ ಮತ್ತೆ ತೊಳೆದೆ.

ಆಮೇಲೆ ಪ್ರತಿ ವರ್ಷವೂ ಹಾಗೆಯೇ. ಹಬ್ಬದ ಹಿಂದಿನ ದಿನ ಡಬ್ಬ ಇಳಿಸುವುದು, ಮೂಲೆಗೆ ಕುಂಕುಮ ಇಡುವುದು, ಮಾರನೆಯ ದಿನ ಮತ್ತೆ ಅಟ್ಟಕ್ಕೆ ಹಾಕುವುದು. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದಳು. "ಇದೇನಮ್ಮ ಈ ಡಬ್ಬ?" ಎಂದು ಅವಳು ಕೇಳಿದಾಗಲೆಲ್ಲ, "ನಿಮ್ಮಪ್ಪಂದು," ಎನ್ನುತ್ತಿದ್ದಳು ರತ್ನ. ಕಳೆದ ಮಾಘದಲ್ಲಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅವಳ ಪಕ್ಕ ಕೂತಿದ್ದೆ. ಹೇಳಬೇಕೆಂದು ಎರಡು ಮೂರು ಸಲ ಬಾಯಿಗೆ ಬಂತು. ನನ್ನದು ಮಾತ್ರ, ಎಂಟನ್ನೂ ಡ್ರೈವಿನಲ್ಲಿ ತಿರುಗಿಸಿ ಗೀರಿದ್ದು ಮಾತ್ರ ಹೇಳಿದ್ದರೂ ಸಾಕಿತ್ತು. ಅವಳು ಕಣ್ಣು ಬಿಟ್ಟಾಗ, "ನೀರು ಕೊಡ್ಲಾ?" ಎಂದೆ. ಬೇಡವೆಂದು ಕೈ ಆಡಿಸಿದಳು.

ಇವತ್ತು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮೂಲೆಯಲ್ಲಿ ಕುಂಕುಮ ಒಂದರ ಮೇಲೊಂದು ಕೂತು ಗಟ್ಟಿಯಾಗಿ, ಕಾಗದ ಅಲ್ಲಿ ಬಾಗಿದೆ. ಡಿಸ್ಕನ್ನು ಎಳೆದು ತಿರುಗಿಸಿದೆ. ಹಳೆಯ ಕೆಂಪು ಉಂಗುರಗಳು ಹಾಗೇ ಇವೆ. ಅವುಗಳ ಮೇಲೆ ಹೊಸದು ಒಂದು ಬೊಟ್ಟೂ ಇಲ್ಲ.

ಡಬ್ಬ ಮುಚ್ಚಿ ಅಟ್ಟಕ್ಕೆ ಹಾಕಿದೆ. ಹೊರಗೆ ಬಂದಾಗ ಬಕೆಟ್ಟು ಇಟ್ಟಲ್ಲೇ ಇತ್ತು. ಅಷ್ಟರಲ್ಲಿ ಕುಂಕುಮದ ನೀರು ಮೆಟ್ಟಿಲ ಮೇಲೆ ಒಣಗಿತ್ತು. ನೀರು ಹೊಯ್ದು ಪೊರಕೆಯಿಂದ ಉಜ್ಜಿದೆ. ಕಲ್ಲಿನ ಮೇಲಿನದು ಹೋಯಿತು. ಸಂದಿಯಲ್ಲಿ ಕೂತದ್ದು ಹೋಗಲಿಲ್ಲ.